ಕಾಲು ಮುಗಿಯಿತು, ಕುತ್ತಿಗೆ ಬಾಕಿ

ವಿನೋದಾ ತನ್ನ ಗಂಡನಾಗಲಿದ್ದ ಮುರಾರಿಯನ್ನು ಮೊದಲು ಕಂಡದ್ದು ಎರಡು ಸಾವಿರದ ಒಂದನೆಯ ಇಸವಿಯಲ್ಲಿ, ಡೊಂಬಿವಲಿಯ ತವರುಮನೆಯಲ್ಲಿ, ಹೆಣ್ಣು ನೋಡುವ ಶಾಸ್ತ್ರದ ದಿನ. ಆಕೆ ಸಜ್ಜಿಗೆಯ ತಟ್ಟೆಯಿಟ್ಟು ಎದುರು ಕುಳಿತಳು. ವರ ನೋಡಿದ. ರೆಪ್ಪೆ ಬಡಿಯದೆ ಐದು ನಿಮಿಷ ನೋಡಿದ. ಹಿರಿಯರು ಒಬ್ಬರನ್ನೊಬ್ಬರು ನೋಡಿ ಮುಗುಳ್ನಕ್ಕರು. ಆಗ ವರ ಬಾಯಿಬಿಟ್ಟು, "ಹೊಳಪು ಸಾಲದು" ಎಂದ.

ಸಜ್ಜಿಗೆ ತಣ್ಣಗಾಯಿತು. ಕೊನೆಗೆ ತಿಳಿದದ್ದೇನೆಂದರೆ, ಆತ ನೋಡುತ್ತಿದ್ದುದು ವಿನೋದಾಳ ತಲೆಯ ಹಿಂದಿನ ಗೋಡೆಯನ್ನು. ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಬೇಕಿತ್ತೆಂದು ಆತನ ಅಭಿಪ್ರಾಯ. ವಿನೋದಾ ಮದುವೆಗೆ ಒಪ್ಪಿಕೊಂಡಳು. ಗೋಡೆ ನೋಡುವ ಗಂಡ ಇನ್ನೊಬ್ಬರ ಹೆಂಡತಿಯನ್ನು ನೋಡಲಾರನೆಂಬುದು ಆಕೆಯ ತರ್ಕ. ಆದರೂ ಸಂಶಯ ಮೊದಲ ದಿನವೇ ಹಿಂಬಾಲಿಸಿ ಮನೆಯೊಳಗೆ ಬಂತು. (ವ್ಯಾಕರಣದಲ್ಲಿ ಅವ್ಯಯವೆಂಬುದೊಂದಿದೆ, ಲಿಂಗ, ವಚನ, ವಿಭಕ್ತಿ ಯಾವುದಕ್ಕೂ ಅದು ಬದಲಾಗದು. ವಿನೋದಾಳ ಸಂಶಯ ಆ ಜಾತಿಯದು.)

ಮುರಾರಿಯ ಹೊಟ್ಟೆಪಾಡು ಬೋರ್ಡು ಬರೆಯುವುದು. ಠಾಣೆಯಿಂದ ವಾಶಿಯವರೆಗೆ ನಮ್ಮವರ ಹೋಟೆಲುಗಳ ಮೇಲೆ ಹಬೆಯಾಡುವ ಇಡ್ಲಿಗಳು ಬಹುಪಾಲು ಆತನ ಕುಂಚದಲ್ಲಿ ಬೆಂದವು. ಆತ್ಮದ ಪಾಡು ಮಾತ್ರ ಬೇರೆ. ಅದಕ್ಕೆ 'ಪ್ರಯೋಗ' ಎಂದು ಹೆಸರು. ಪ್ರಯೋಗಶಾಲೆ ಇದ್ದದ್ದು ಠಾಣೆಯ ನೌಪಾಡಾದಲ್ಲಿ, ವಿನೋದಾಳ ಅಣ್ಣ ವಸಂತಕುಮಾರನ ಹೋಟೆಲಿನ ಮಹಡಿಯ ಕೋಣೆಯಲ್ಲಿ. ಅಣ್ಣ ಬಾಡಿಗೆ ಕೇಳಲಿಲ್ಲ. ಒಂದೇ ಷರತ್ತು ಹಾಕಿದ. ಕೆಳಗೆ ಬೋರ್ಡಿನ ಮೇಲೆ 'ಶುದ್ಧ ಶಾಕಾಹಾರಿ' ಎಂದಿದೆ, ಆ ಶುದ್ಧ ಮೇಲಿನ ಮಹಡಿಗೂ ಅನ್ವಯಿಸುತ್ತದೆ. ಮೊಟ್ಟೆಯ ಸಿಪ್ಪೆ ಕಂಡರೂ ಮರುದಿನ ಚಿತ್ರ ನಿಲ್ಲಿಸುವ ಈಸೆಲ್ ಬೀದಿಯಲ್ಲಿ. (ಆ ಬೋರ್ಡನ್ನು ಬರೆದವನೂ ಮುರಾರಿಯೇ. 'ಶುದ್ಧ'ದ ಒತ್ತಕ್ಷರವನ್ನು ಅಣ್ಣನ ಅಪೇಕ್ಷೆಯಂತೆ ಒಂದು ಗೇಣು ದಪ್ಪ ಮಾಡಿದ್ದ.)

ಮೊದಲಿನ ಪ್ರಯೋಗಗಳು ಸಾತ್ವಿಕವಾಗಿದ್ದವು. ಒಂದು ವರ್ಷ ಕಾಫಿ ಡಿಕಾಕ್ಷನ್ನಿನಲ್ಲಿ ಬೆಟ್ಟಗಳನ್ನು ಬರೆದ. ಮರುವರ್ಷ ಸಾಂಬಾರಿನಲ್ಲಿ ಸೂರ್ಯಾಸ್ತ ಬರೆದ. ಅದನ್ನು ಜಿರಲೆಗಳು ಎರಡೇ ದಿನದಲ್ಲಿ ತಿಂದು ಮುಗಿಸಿದವು. ಅದೂ ಕಲೆಯ ಒಂದು ಅಂಗವೆಂದು ಮುರಾರಿ ವಾದಿಸಿದ.

ಎರಡು ಸಾವಿರದ ಒಂಬತ್ತರಲ್ಲಿ ಲಕ್ಷಣಗಳು ಬದಲಾದವು. ಠಾಣೆಯಲ್ಲೊಂದು ಪ್ರದರ್ಶನಕ್ಕೆ ಹನ್ನೆರಡು ಚಿತ್ರ ಕೊಡಬೇಕಾಗಿದ್ದ ವರ್ಷ ಅದು. ಮುರಾರಿಯ ಅಂಗಿಯಿಂದ ಹಸಿಹಸಿಯಾದ ಏನೋ ವಾಸನೆ ಬರತೊಡಗಿತು. ಒಂದು ದಿನ ತೋಳಿನ ಮಡಿಕೆಯಲ್ಲಿ ಬಿಳಿಯ ಚೂರೊಂದು ಸಿಕ್ಕಿತು. ಸುಣ್ಣದ ಚಕ್ಕೆ ಎಂದ. ಸುಣ್ಣದ ಚಕ್ಕೆಗೆ ಒಳಗಡೆ ತೆಳ್ಳನೆಯ ಪೊರೆ ಇರುತ್ತದೆಯೇ? ವಿನೋದಾ ಕೇಳಲಿಲ್ಲ, ಚೂರನ್ನು ಕಾಗದದಲ್ಲಿ ಸುತ್ತಿ ಬೀರುವಿನಲ್ಲಿಟ್ಟಳು.

ಇದಕ್ಕಿಂತ ಗಂಭೀರವಾದ ಸಾಕ್ಷಿ ಮುಖಲೇಪ. ಎಂಟು ವರ್ಷದಲ್ಲಿ ಒಂದು ಮೊಳ ಹೂ ತಾರದ ಗಂಡ ಸಂಜೆ ಸಂಜೆ ಪುಟ್ಟ ಭರಣಿಯಲ್ಲಿ ನೊರೆಯಂಥ ಲೇಪ ತರತೊಡಗಿದ್ದ. ಏನಿದು ಎಂದರೆ, ನೈಸರ್ಗಿಕ ಎಂದಷ್ಟೇ ಉತ್ತರ. ಅಪರಾಧಿಯೇ ಉಡುಗೊರೆ ತರುವುದೆಂದು ವಿನೋದಾಳಿಗೆ ಗೊತ್ತಿತ್ತು. ಲೇಪವನ್ನು ಹಚ್ಚಿಕೊಂಡಳೆನ್ನಿ. ಸಂಶಯ ಬೇರೆ, ಕೆನ್ನೆ ಬೇರೆ. ಅವಳು ಕೆಲಸ ಮಾಡುವ ವಾಶಿಯ ಆಫೀಸಿನಲ್ಲಿ ಹೆಂಗಸರೆಲ್ಲ ಅವಳ ಮುಖಕಾಂತಿಯ ಗುಟ್ಟು ಕೇಳತೊಡಗಿದ್ದರು.

ಹೀಗಿರಲು ಕೈಗೆ ಸಿಕ್ಕಿತು ಜೇಬಿನ ಡೈರಿ. ಅದರಲ್ಲಿ ಗಂಡನ ಗುಂಡು ಅಕ್ಷರದಲ್ಲಿ ಹೀಗಿತ್ತು: 'ಮಂಗಳವಾರ, ಐರೋಲಿ, ಕೋಳಿ, ಎರಡು ಗಂಟೆ. ಕಾಲು ಮುಗಿಯಿತು. ಕುತ್ತಿಗೆ ಬಾಕಿ.'

ವಿನೋದಾ ಡೈರಿ ಹಿಡಿದು ದೇವರ ಮುಂದೆ ಕುಳಿತುಬಿಟ್ಟಳು. ಏಳು ತಲೆಮಾರಿನಿಂದ ಮೀನು ಮಾಂಸ ಮುಟ್ಟದ ಮನೆ. ಅಳಿಯ ಕೋಳಿ ತಿನ್ನುತ್ತಾನೆ. ಅದೂ ಮಂಗಳವಾರ, ತಾನು ಉಪವಾಸವಿರುವ ದಿನ. ಅದೂ ಕಂತಿನ ಮೇಲೆ, ಒಂದು ವಾರ ಕಾಲು, ಮರುವಾರ ಕುತ್ತಿಗೆ. ಅಣ್ಣನ ಕಿವಿಗೆ ಬಿದ್ದರೆ ಕೋಣೆ ಹೋಯಿತು, ಪ್ರದರ್ಶನ ಹೋಯಿತು, ಮುರಾರಿ ಜನ್ಮಪೂರ್ತಿ ಇಡ್ಲಿ ಬರೆದುಕೊಂಡೇ ಇರಬೇಕು. ಹಾಗೆಂದು ಅಣ್ಣನಿಂದ ಮುಚ್ಚಿಟ್ಟರೆ ತವರಿಗೆ ದ್ರೋಹ. ಫೋನು ಮಾಡಿ, ಮಹಡಿಯ ಮೇಲೆ ಒಮ್ಮೆ ಕಣ್ಣಾಡಿಸಬಾರದೇ ಎಂದು ನಾಜೂಕಾಗಿ ಸೂಚಿಸಿದಳು. "ಕಣ್ಣಾಡಿಸುವುದೆಂತ, ದಿನಾ ನಾಲ್ಕು ಗಂಟೆಗೆ ಹೋಗ್ತೇನೆ" ಎಂದ ಅಣ್ಣ. "ಕಲಾವಿದನನ್ನು ಶಂಕಿಸಬಾರದು ಮಾರಾಯ್ತಿ." ಕ್ಯಾಲೆಂಡರಿನ ಚಿತ್ರವನ್ನೂ ತಾರೀಕಿಗಾಗಿಯೇ ನೋಡುತ್ತಿದ್ದ ಅಣ್ಣನಿಗೆ ಈ ರಸಿಕತೆ ಯಾವಾಗ ಬಂತೆಂಬುದು ಅವಳ ಹೊಸ ಸಂಶಯವಾಯಿತು.

ಮಂಗಳವಾರ ಅರ್ಧ ದಿನದ ರಜೆ ಹಾಕಿ, ವಾಶಿಯಿಂದ ಠಾಣೆಯ ಗಾಡಿ ಹಿಡಿದು ಐರೋಲಿಯಲ್ಲಿ ಇಳಿದಳು. ಮುರಾರಿ ಎದುರಿನ ಗಾಡಿಯಿಂದ ಇಳಿದ. ಕಂಕುಳಲ್ಲಿ ಮರದ ಹಲಗೆ, ಕೈಯಲ್ಲಿ ಮುಚ್ಚಿದ ಡಬ್ಬಿ. ಸೆರಗನ್ನು ತಲೆಗೆ ಹೊದ್ದು, ರಿಕ್ಷಾದ ಹಿಂದೆ ರಿಕ್ಷಾ ಮಾಡಿಕೊಂಡು ಅವಳು ಖಾಡಿಯೆಂಬ ಕಡಲ ಹಿನ್ನೀರಿನ ದಡ ಮುಟ್ಟಿದಳು. ಅಲ್ಲಿ ಒಣಮೀನಿನ ಸಾಲುಗಳು, ಕವುಚಿದ ದೋಣಿಗಳು. ಒಂದು ದೋಣಿಯ ಮರೆಯಲ್ಲಿ ಉಪವಾಸದ ಮೂಗನ್ನು ಹಿಡಿದುಕೊಂಡು ನಿಂತಳು. ಎರಡು ಗಂಟೆಯಾಯಿತು. ಮುರಾರಿ ಡಬ್ಬಿಯ ಮುಚ್ಚಳ ತೆರೆದ. ವಿನೋದಾ ಹಾರಿ ಮುಂದೆ ಬಂದು, "ಎಲ್ಲಿ ಕೋಳಿ?" ಎಂದಳು.

ಉತ್ತರ ಕೊಟ್ಟದ್ದು ಮುರಾರಿಯಲ್ಲ. ಎದುರಿಗೆ ಬಲೆ ಹೆಣೆಯುತ್ತ ಕುಳಿತಿದ್ದ, ಹಸಿರು ಕಚ್ಚೆಸೀರೆಯ ಭಾರೀ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಎದ್ದಳು. "ಮೀಚ್ ಕೋಳೀಣ್, ಚಂದ್ರಬಾಯಿ. ಕಾಯ್ ಪಾಹಿಜೇ? ಪಾಪ್ಲೇಟ್ ಸಂಪ್ಲಾ."

ನಾನೇ ಕೋಳಿಣಿ, ಏನು ಬೇಕು, ಪಾಂಫ್ರೆಟ್ ಮೀನು ಮುಗಿಯಿತು ಎಂದು ಅರ್ಥ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ವಿನೋದಾಳಿಗೆ, ಮರಾಠಿಯಲ್ಲಿ ಕೋಳಿ ಎಂದರೆ ಬೆಸ್ತರೆಂಬುದು ಗೊತ್ತಿಲ್ಲವೆಂದಲ್ಲ. ಕನ್ನಡ ಲಿಪಿಯಲ್ಲಿ ಬರೆದದ್ದು ಕನ್ನಡವೇ ಇರಬೇಕೆಂದು ನಂಬಿದ್ದಳು, ಅಷ್ಟೆ. ಹಲಗೆಯ ಮೇಲೆ ಚಂದ್ರಬಾಯಿಯ ಬೆಳ್ಳಿ ಕಾಲುಂಗುರದ ಕಾಲುಗಳು ಮುಗಿದಿದ್ದವು. ಕುತ್ತಿಗೆ ನಿಜಕ್ಕೂ ಬಾಕಿಯಿತ್ತು. ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುವ ಆಕೆ ಅದನ್ನು ಒಂದು ನಿಮಿಷವೂ ನೆಟ್ಟಗೆ ಇಡುತ್ತಿರಲಿಲ್ಲ.

ನಾಚಿಕೆಯಿಂದ ವಿನೋದಾ ಅರ್ಧ ತಗ್ಗಿದಳು. ಇನ್ನರ್ಧ ತಗ್ಗುವ ಮೊದಲು ಡಬ್ಬಿಯೊಳಗಿನ ಹಳದಿ ಕಣ್ಣಿಗೆ ಬಿತ್ತು. ಆಗ ಮುರಾರಿ ಒಪ್ಪಿಕೊಂಡ. ಹಳೆಯ ಕಾಲದ ವಿಧಾನವಂತೆ. ಮೊಟ್ಟೆಯ ಹಳದಿಯಲ್ಲಿ ಬಣ್ಣದ ಪುಡಿ ಕಲಸಿದರೆ ಐನೂರು ವರ್ಷ ಮಾಸದಂತೆ. ದಿನಕ್ಕೆ ನಾಲ್ಕು ಮೊಟ್ಟೆ. ತಾನು ನಾಲಗೆಗೆ ಮುಟ್ಟಿಸಿಲ್ಲವೆಂದು ಖಾಡಿಯ ಸಾಕ್ಷಿಯಾಗಿ ಆಣೆಯಿಟ್ಟ.

ಠಾಣೆಗೆ ಬರುವ ಗಾಡಿಯಲ್ಲಿ ವಿನೋದಾ ಲೆಕ್ಕ ಹಾಕುತ್ತಿದ್ದಳು. ಮಹಡಿಯ ಕೋಣೆಗೆ ಬಂದು ಬಾಗಿಲ ಮರೆಯ ಸ್ಟೂಲಿನಲ್ಲಿ ಕುಳಿತ ಮೇಲೆ ಕೇಳಿದಳು: "ಹಳದಿ ಹಲಗೆಗೆ. ಬಿಳಿ ಎಲ್ಲಿಗೆ?"

"ಬಿಳಿ ಬಣ್ಣಕ್ಕೆ ಆಗುವುದಿಲ್ಲ. ಬಿರುಕು ಬಿಡ್ತದೆ."

"ಬಿರುಕು ನಾನು ಕೇಳಲಿಲ್ಲ. ಎಲ್ಲಿಗೆ ಅಂತ ಕೇಳಿದೆ."

ಮುರಾರಿ ಮಾಡಿನ ಕಡೆ ನೋಡಿದ. ಅವಳು ಕುಂಚಗಳ ಕಡೆ ನೋಡಿದಳು. ಅವುಗಳ ನಡುವೆ ಸಣ್ಣದೊಂದು ಕಾವಲಿ, ಕರಿಬೇವು, ಮೆಣಸಿನ ಪುಡಿ. ಆಣೆ ಸುಳ್ಳಾಯಿತೇ? ಅಷ್ಟರಲ್ಲಿ ಗಡಿಯಾರ ನಾಲ್ಕು ತೋರಿಸಿತು, ಮೆಟ್ಟಿಲು ಸದ್ದು ಮಾಡಿತು. ವಿಭೂತಿ ಧರಿಸಿದ ವಸಂತಕುಮಾರ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. "ಭಾವಾ, ಇವತ್ತು ಮೆಣಸು ಸ್ವಲ್ಪ ಜೋರು ಬೀಳಲಿ" ಎಂದವನು ತಿರುಗಿ ನೋಡಿ ತಂಗಿಯನ್ನು ಕಂಡ.

ಕೆಳಗಿನ ಹೋಟೆಲಿನಲ್ಲಿ ಯಾರೋ ಎರಡು ಸಾದಾ ದೋಸೆ ಎಂದು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು.

"ಜೀವ ಇರುವುದು ಹಳದಿಯಲ್ಲಿ" ಎಂದ ಅಣ್ಣ. "ಬಿಳಿ ಬರೇ ನೀರು."

"ಅಣ್ಣಾ, ಕೆಳಗೆ ಬೋರ್ಡು ಉಂಟು. ಶುದ್ಧ ಅಂತ. ಇಷ್ಟು ದಪ್ಪ."

ಸಿಕ್ಕಿಬಿದ್ದವನಿಗೆ ಜೊತೆ ಬೇಕಾಗುತ್ತದೆ. ವಸಂತಕುಮಾರ ವಿಭೂತಿಯ ಹಣೆಯನ್ನು ಒರೆಸಿಕೊಂಡು ತಂಗಿಯ ಮುಖವನ್ನು ದಿಟ್ಟಿಸಿದ. "ನನಗೆ ಸಿಗುವುದು ಮೂರೇ ಬಿಳಿ, ವಿನೋದಾ. ನಾಲ್ಕನೆಯದು ದಿನಾ ಭರಣಿಗೆ ಹೋಗ್ತದೆ. ಅದು ಯಾರಿಗೆ ಅಂತ ನಿನ್ನ ಗಂಡನನ್ನೇ ಕೇಳು."

ಮುರಾರಿ ಮೊದಲ ದಿನ ಗೋಡೆಯನ್ನು ನೋಡಿದಂತೆ, ರೆಪ್ಪೆ ಬಡಿಯದೆ, ಈಗ ಹೆಂಡತಿಯ ಕೆನ್ನೆಯನ್ನು ನೋಡಿದ.

"ಹೊಳಪು ಬಂದಿದೆ" ಎಂದ.

ಪ್ರದರ್ಶನ ಚೆನ್ನಾಗಿಯೇ ನಡೆಯಿತು. ಕೋಣೆ ಉಳಿಯಿತು, ಮೂವರಲ್ಲಿ ಯಾರೊಬ್ಬರೂ ಬಾಯಿಬಿಡುವಂತಿರಲಿಲ್ಲವಷ್ಟೆ. ಚಂದ್ರಬಾಯಿಯ ಚಿತ್ರ ಇಂದಿಗೂ ಮಹಡಿಯ ಕೋಣೆಯ ಗೋಡೆಯ ಮೇಲಿದೆ, ಕುತ್ತಿಗೆ ಇಂದಿಗೂ ಬಾಕಿ. ಮುರಾರಿ ಈಚೆಗೆ ಖಾಡಿಯ ಕೆಸರನ್ನು ಸೋಸಿ ಅದೇ ಹಳದಿಯಲ್ಲಿ ಕಲಸಿ ರಾಜಹಂಸಗಳನ್ನು ಬರೆಯುತ್ತಿದ್ದಾನೆ. ಅವನ ಕೈ ಈಗ ಸ್ವಲ್ಪ ನಡುಗುತ್ತದೆ. ಆದ್ದರಿಂದ ಮೊಟ್ಟೆ ಒಡೆದು, ಹಳದಿಯನ್ನು ಅಂಗೈಯಿಂದ ಅಂಗೈಗೆ ಉರುಳಿಸಿ, ಬಿಳಿ ಬೇರ್ಪಡಿಸುವ ಕೆಲಸ ವಿನೋದಾಳದು. ನೌಪಾಡಾದಲ್ಲಿ ಗುರುತಿನವರು ಕಂಡಾರೆಂದು ಮೊಟ್ಟೆಯನ್ನು ಆಕೆಯೇ ವಾಶಿಯಿಂದ ಟಿಫಿನ್ ಡಬ್ಬಿಯಲ್ಲಿ ತರುತ್ತಾಳೆ. ಮೂರು ಬಿಳಿ ಅಣ್ಣನ ಕಾವಲಿಗೆ, ನಾಲ್ಕನೆಯದು ಭರಣಿಗೆ.

ಮಂಗಳವಾರ ಮಾತ್ರ ಲೇಪ ಹಚ್ಚುವುದಿಲ್ಲ. ಅಂದು ಆಕೆಗೆ ಉಪವಾಸ.