ಮೂರನೇ ಚಾನಲ್ಲೂ ಮೆಣಸಿನ ಬಳ್ಳಿಯೂ

ನನ್ನ ಜೀವಮಾನದಲ್ಲಿ ನಾನು ಅತಿ ಹೆಚ್ಚು ಸಲ ಆಡಿರುವ ಮಾತು ಯಾವುದೆಂದು ಯಾರಾದರೂ ಕೇಳಿದರೆ, ದೇವರ ನಾಮ ಎಂದು ಹೇಳಿಬಿಡಲು ಆಸೆಯಾಗುತ್ತದೆ. ನಿಜವಾಗಿ ಅದು ‘ನಮ್ಮ ಕಡೆ ಎಲ್ಲಾ ಸರಿ ಇದೆ’ ಎಂಬುದು. ದೂರವಾಣಿಯ ಕೆಲಸಕ್ಕೆ ಸೇರಿದವರಿಗೆ ಬೇರೆ ವಿದ್ಯೆ ಬರುವುದಕ್ಕೆ ಮೊದಲೇ ಈ ಮಾತು ಬಂದುಬಿಡುತ್ತದೆ. ಲೈನು ಕೆಟ್ಟರೆ ಆ ತುದಿಯವನು ಈ ತುದಿಯವನಿಗೆ ಹೇಳುವುದು ಇದನ್ನೇ, ಈ ತುದಿಯವನು ಆ ತುದಿಯವನಿಗೆ ಹೇಳುವುದೂ ಇದನ್ನೇ. ಎರಡು ಕಡೆಯೂ ಸರಿ ಇದ್ದ ಮೇಲೆ ಲೈನು ಕೆಟ್ಟಿದ್ದಾದರೂ ಹೇಗೆ ಎಂದು ಕೇಳುವವನು ಗ್ರಾಹಕ. ಅವನಿಗೆ ತಾಂತ್ರಿಕ ವಿಷಯಗಳು ತಿಳಿಯುವುದಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮೂಡಿಗೆರೆಯ ಕ್ಯಾರಿಯರ್ ರೂಮಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಕ್ಯಾರಿಯರ್ ಎಂದ ಕೂಡಲೇ ಊರಿನವರು ಊಟದ ಡಬ್ಬಿ ಎಂದುಕೊಳ್ಳುತ್ತಿದ್ದರು, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಮೂಡಿಗೆರೆಯಿಂದ ಕಳಸಕ್ಕೆ ಕಂಬಗಳ ಮೇಲೆ ಒಂದು ಜೊತೆ ತಂತಿ ಹೋಗಿತ್ತು. ಒಂದು ಜೊತೆ ತಂತಿಯಲ್ಲಿ ಒಂದೇ ಮಾತುಕತೆ. ಕಳಸದ ಹತ್ತಿರದ ಸಂಸೆಯ ಎಸ್ಟೇಟಿನ ಯಜಮಾನರು ಬೆಳಿಗ್ಗೆ ಟ್ರಂಕ್ ಕಾಲ್ ಬುಕ್ ಮಾಡಿದರೆ ಸಂಜೆ ಕಾಫಿಯ ಹೊತ್ತಿಗೆ ಗಂಟೆ ಬಾರಿಸಿದರೆ ಅದೃಷ್ಟ. ಹಾಗಿರುವಾಗ ನಮಗೊಂದು ಯಂತ್ರ ಬಂತು. ಅದು ಒಂದೊಂದು ಮಾತುಕತೆಯನ್ನು ಒಂದೊಂದು ಶ್ರುತಿಗೆ ಏರಿಸಿ, ಎಲ್ಲವನ್ನೂ ಅದೇ ತಂತಿಗೆ ತುಂಬಿ, ಆ ತುದಿಯಲ್ಲಿ ಮತ್ತೆ ಬೇರೆ ಬೇರೆ ಮಾಡಿ ಇಳಿಸುತ್ತಿತ್ತು. ನಾಲ್ಕು ಮನೆಯವರನ್ನು ಒಂದೇ ಜೀಪಿನಲ್ಲಿ ತುಂಬಿಕೊಂಡು, ಒಬ್ಬರ ಗುಟ್ಟು ಇನ್ನೊಬ್ಬರಿಗೆ ಕೇಳಿಸದ ಹಾಗೆ ಕಳಸಕ್ಕೆ ಮುಟ್ಟಿಸುವ ಕೆಲಸ ಅದು. ಹಳೆಯ ಮಾತಿನ ಜೊತೆಗೆ ಹೊಸದಾಗಿ ಮೂರು ಚಾನಲ್ಲುಗಳು. ಮೂರನೆಯದರ ಶ್ರುತಿ ಎಲ್ಲಕ್ಕಿಂತ ಎತ್ತರದ್ದು, ಹಾಗಾಗಿ ಅದರ ಸ್ವಭಾವವೂ ಸ್ವಲ್ಪ ನಾಜೂಕು. ಆ ರೂಮಿಗೆ ಚಪ್ಪಲಿ ಬಿಟ್ಟು ಹೋಗಬೇಕೆಂದು ನಾನೇ ನಿಯಮ ಮಾಡಿದ್ದೆ.

ಆ ವರ್ಷ ಮಳೆ ಹಿಡಿದದ್ದೇ ತಡ, ಮೂರನೇ ಚಾನಲ್ ಕೈಕೊಟ್ಟಿತು. ಮಳೆ ಜೋರಾದಷ್ಟೂ ಮಾತು ಬಾವಿಯೊಳಗೆ ಇಳಿಯುತ್ತ ಹೋಗಿ ಕೊನೆಗೆ ಇಲ್ಲವೇ ಇಲ್ಲವಾಗುತ್ತಿತ್ತು. ಬಿಸಿಲು ಬಂದರೆ ಏನೂ ಆಗಿಲ್ಲವೆಂಬಂತೆ ಮೇಲೆ ಬರುತ್ತಿತ್ತು. ಕಳಸದ ತುದಿಯಲ್ಲಿದ್ದ ಭಟ್ಟರನ್ನು ಕೇಳಿದೆ. “ನಮ್ಮ ಕಡೆ ಎಲ್ಲಾ ಸರಿ ಇದೆ ಮಾರಾಯ, ನಿನ್ನದೇ ನೋಡ್ಕೋ” ಎಂದರು. ನಾನು ನನ್ನದನ್ನು ನೋಡಿಕೊಂಡೆ. ಕಾರ್ಡು ಬದಲಿಸಿದೆ, ಫಿಲ್ಟರ್ ಬದಲಿಸಿದೆ, ಕಂಡಕಂಡಲ್ಲಿ ಬೆಸುಗೆ ಹಾಕಿದೆ. ಸರಿಯಿದ್ದ ಎರಡನೇ ಚಾನಲ್ಲೂ ಇದರಿಂದ ಎರಡು ದಿನ ಮಲಗಿತು. ಹೊರಗೆ ಹೋಗಿ ತಂತಿ ನೋಡಬೇಕೆಂದು ಮಾತ್ರ ನನಗೆ ಹೊಳೆಯಲಿಲ್ಲ. ಅಷ್ಟು ದುಬಾರಿ ಯಂತ್ರವನ್ನು ಒಳಗೆ ಇಟ್ಟುಕೊಂಡು ಹೊರಗೆ ದೋಷ ಹುಡುಕುವುದು ಯಂತ್ರಕ್ಕೆ ಮಾಡುವ ಅವಮಾನ ಎಂಬುದು ನನ್ನ ಭಾವನೆ.

ಚಿಕ್ಕಮಗಳೂರಿನಿಂದ ನಮ್ಮ ಇಲಾಖೆಯ ಸಾಹೇಬರು ಫೋನ್ ಮಾಡಿದರು. ಮುಂದಿನ ವಾರ ತಾವೇ ಬರುವುದಾಗಿಯೂ, ಅಷ್ಟರಲ್ಲಿ ಚಾನಲ್ ಸರಿಯಾಗದಿದ್ದರೆ ನನಗೆ ಬೀದರಿನ ಕಡೆಯ ಒಣ ಹವೆ ಒಳ್ಳೆಯದೆಂದೂ ಹೇಳಿದರು. ಬೀದರಿನ ಬಗ್ಗೆ ನನಗೆ ದ್ವೇಷವೇನಿಲ್ಲ. ಆದರೆ ಸಮಯ ಸರಿ ಇರಲಿಲ್ಲ. ಜಾವಳಿಯ ಪುಟ್ಟೇಗೌಡರ ಮಗಳು ಸುಶೀಲಳನ್ನು ನಾನು ಆಗತಾನೆ ನೋಡಿಕೊಂಡು ಬಂದಿದ್ದೆ. ಮನೆಯ ಹತ್ತಿರವೇ ಇರುವ ಅಳಿಯ ಬೇಕು ಎಂಬುದೊಂದೇ ಗೌಡರ ಷರತ್ತು. ಬೀದರಿಗೆ ಹೋದವನನ್ನು ಹತ್ತಿರದವನೆಂದು ಯಾವ ಲೆಕ್ಕದಲ್ಲೂ ಹೇಳಲಾಗದು. ನನಗೋ ಆ ಹುಡುಗಿ ತುಂಬಾ ಹಿಡಿಸಿದ್ದಳು.

ನೋಡಿಕೊಂಡು ಬಂದೆ ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಅವಳು ಉಪ್ಪಿಟ್ಟು ತಂದಿಟ್ಟಾಗ ಒಂದು ಸಲ ನೋಡಿದೆ, ನಾಚಿಕೆಯಾಯಿತು, ಆಮೇಲೆ ಪೂರ್ತಿ ಹೊತ್ತು ಅಂಗಳದಾಚೆ ನೋಡುತ್ತ ಕೂತೆ. ಅಲ್ಲೊಂದು ಕಾಳುಮೆಣಸಿನ ಬಳ್ಳಿ ಆಕಾಶಕ್ಕೆ ಹತ್ತಿತ್ತು. ಮಾತು ಬೇಕಲ್ಲ, “ಇಷ್ಟು ನೆಟ್ಟಗಿನ ಬಳ್ಳಿ ನಾನೆಲ್ಲೂ ನೋಡಿಲ್ಲ ಗೌಡ್ರೆ” ಎಂದೆ. ಗೌಡರ ಮುಖ ಅರಳಿತು. “ಮರ ಅಂದ್ರೆ ಹಂಗಿರ್ಬೇಕು ನೋಡಿ. ಕೊಂಬೆ ಕಡಿಯೋ ತಂಟೆ ಇಲ್ಲ, ಎಲೆ ಉದುರೋ ರಗಳೆ ಇಲ್ಲ. ಖಾಲಿ ನಿಂತಿದ್ದು ಕಂಡ್ರೆ ನಂಗೆ ಹೊಟ್ಟೆ ಉರೀತದೆ, ಒಂದು ಬಳ್ಳಿ ಊರಿಬಿಡ್ತೀನಿ” ಎಂದರು. ಎಷ್ಟು ಒಳ್ಳೆಯ ಜಾತಿಯ ಮರವಿರಬೇಕು ಎಂದುಕೊಂಡೆ.

ಒಳಗೆ ಬದಲಿಸಲು ಇನ್ನೇನೂ ಉಳಿಯದೆ, ಸಾಹೇಬರು ಬರುವ ಮುಂಚೆ ಲೈನು ನಡೆದು ನೋಡಲೇಬೇಕಾಯಿತು. ನಾನೂ ಲೈನ್‌ಮನ್ ಇಬ್ರಾಹಿಮರೂ ಕೊಟ್ಟಿಗೆಹಾರದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಕಂಬ ಕಂಬಕ್ಕೂ ತಲೆಯೆತ್ತುತ್ತ, ಕಾಲಿನ ಜಿಗಣೆ ಕೀಳುತ್ತ ಹೊರಟೆವು. ಜಾವಳಿಯ ತಿರುವಿನಲ್ಲಿ ಇಬ್ರಾಹಿಂ ನಿಂತರು.

“ಸಾರ್, ಇದು ನಿಮ್ಮ ಮಾವನ ಮನೆ ಅಲ್ವಾ?”

“ಇನ್ನೂ ಆಗಿಲ್ಲ” ಎಂದೆ, ಸ್ವಲ್ಪ ನಾಚಿ.

“ಆಗೋದೂ ಇಲ್ಲ ಬಿಡಿ” ಎಂದು ಅವರು ಮೇಲೆ ಕೈ ತೋರಿಸಿದರು.

ನಾನು ಹೊಗಳಿದ ಮರದ ತುದಿಯಲ್ಲಿ ತಂತಿ ಕಟ್ಟುವ ಪಿಂಗಾಣಿಯ ಬಿಳಿ ಬುರುಡೆಗಳಿದ್ದವು. ಅದು ನನ್ನದೇ ಇಲಾಖೆಯ ಕಂಬ. ಬಳ್ಳಿ ಕಂಬ ಮುಗಿದರೂ ನಿಲ್ಲದೆ, ನನ್ನ ತಂತಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಳಸದ ದಿಕ್ಕಿಗೆ ಹೊರಟಿತ್ತು. ಎಲೆ ಒದ್ದೆಯಾದಾಗೆಲ್ಲ ಮೂರನೇ ಚಾನಲ್ಲಿನ ಮಾತು ಗೌಡರ ಬಳ್ಳಿಯಿಂದ ಇಳಿದು ಗೌಡರ ನೆಲಕ್ಕೆ ಸೇರುತ್ತಿತ್ತು. “ನಿಮಗೆ ಮೊದಲೇ ಗೊತ್ತಿತ್ತಾ?” ಎಂದು ಇಬ್ರಾಹಿಮರನ್ನು ಕೇಳಿದೆ. “ಗೊತ್ತಿತ್ತು ಸಾರ್. ಬಂದಾಗೆಲ್ಲ ಗೌಡ್ರು ಕರೆದು ಕಾಫಿ ಕೊಡ್ತಾರೆ, ಕಡುಬು ಕೊಡ್ತಾರೆ. ಕಡುಬು ತಿಂದ ಕೈಲಿ ಹೆಂಗೆ ಕಡಿಯೋದು?” ಎಂದರು. ಉಪ್ಪಿಟ್ಟು ತಿಂದಿದ್ದ ನನಗೆ ಅವರ ಕಷ್ಟ ಚೆನ್ನಾಗಿ ಅರ್ಥವಾಯಿತು.

ಗೌಡರು ಹೊರಗೆ ಬಂದರು. ವಿಷಯ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು. “ಈಗ ಕಾಳು ಕಟ್ತಾ ಇದೆ, ಬಸುರಿ ಇದ್ದ ಹಂಗೆ. ಫಸಲು ಮುಗೀಲಿ, ಆಮೇಲೆ ನೋಡೋಣ. ಮನೆ ಅಳಿಯ ಆಗೋರು, ನಿಮಗೆ ನಾನು ಹೇಳ್ಬೇಕಾ?” ಎಂದರು. ‘ಮನೆ ಅಳಿಯ’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನನಗೆ ಬೀದರೂ ಕಾಣಲಿಲ್ಲ, ಸಾಹೇಬರೂ ಕಾಣಲಿಲ್ಲ. “ಅದಕ್ಕೇನಂತೆ ಗೌಡ್ರೆ, ಫಸಲು ಮುಗೀಲಿ” ಎಂದುಬಿಟ್ಟೆ. ಇಬ್ರಾಹಿಂ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಡುಬು ಆಗಿದೆಯೇ ಎಂದು ಒಳಗೆ ನೋಡಿದರು.

ಒಳಗಿನಿಂದ ಬಂದದ್ದು ಸುಶೀಲ. ಕಾಫಿ ಲೋಟಗಳನ್ನು ಜಗಲಿಯ ಮೇಲಿಟ್ಟು ನೇರ ನನ್ನನ್ನೇ ಕೇಳಿದಳು: “ಕಂಬ ಯಾರದ್ದು?”

“ಇಲಾಖೆಯದ್ದು” ಎಂದೆ.

“ಅಪ್ಪಯ್ಯ ಒಂದು ಮಾತು ಹೇಳಿದ ಕೂಡಲೇ ನಿಮ್ಮ ಕಂಬಾನೇ ಬಿಟ್ಟುಕೊಟ್ರಿ. ನಾಳೆ ನನ್ನ ಪರವಾಗಿ ಮಾತಾಡೋ ಹೊತ್ತು ಬಂದ್ರೆ ಏನು ಮಾಡ್ತೀರಿ? ಅದಕ್ಕೂ ಫಸಲು ಮುಗೀಬೇಕಾ?”

ಗೌಡರು “ಏ ಹುಡುಗಿ!” ಎಂದರು. ಅವಳು ಕದಲಲಿಲ್ಲ. ಆ ಗಳಿಗೆಯಲ್ಲಿ ನನಗೆ ಬಂದ ಧೈರ್ಯ ನನ್ನದಲ್ಲ, ಎಲ್ಲಿಂದಲೋ ಸೋರಿ ಬಂದದ್ದು. ಇಬ್ರಾಹಿಮರ ಸೊಂಟದಿಂದ ಕತ್ತಿ ಕಿತ್ತು, ಮಳೆಯಲ್ಲೇ ಹೋಗಿ ಬಳ್ಳಿಯನ್ನು ಬುಡದಲ್ಲಿ ಕಡಿದೆ. ಮೂರು ಏಟಿನಲ್ಲಿ ಎರಡು ಕಂಬಕ್ಕೇ ಬಿದ್ದವು. ಇಬ್ರಾಹಿಂ ಮೇಲೆ ಹತ್ತಿ ತಂತಿ ಬಿಡಿಸಿದರು. ಅಲ್ಲೇ ತಂತಿಗೆ ಫೋನು ಸಿಕ್ಕಿಸಿ ಭಟ್ಟರಿಗೆ ಹೇಳಿ ಮೂರನೇ ಚಾನಲ್ ಪರೀಕ್ಷೆ ಮಾಡಿಸಿದೆ. ಆ ಮಳೆಯಲ್ಲೂ ಅದು ಗಂಟೆ ಬಾರಿಸಿದ ಹಾಗೆ ಮಾತಾಡಿತು. ಭಟ್ಟರು “ನಮ್ಮ ಕಡೆ ಎಲ್ಲಾ ಸರಿ ಇದೆ ಅಂತ ನಾನು ಹೇಳಲಿಲ್ವಾ ಮಾರಾಯ?” ಎಂದರು. ಗೌಡರು ಹಸಿ ಗೊಂಚಲುಗಳನ್ನು ಆರಿಸುತ್ತಿದ್ದರು. ಅವರನ್ನು ನೋಡಿ ನಿಜಕ್ಕೂ ಸಂಕಟವಾಯಿತು.

ಸಾಹೇಬರು ಬಂದು ಚಾನಲ್ ಕೇಳಿ, ಬೀದರಿನ ಮಾತೆತ್ತದೆ ತಲೆದೂಗಿ ಹೋದರು. ಮಾಘದಲ್ಲಿ ಮದುವೆಯಾಯಿತು. ಗೌಡರು ಏನೂ ಕಡಿಮೆ ಮಾಡಲಿಲ್ಲ, ಆದರೆ ಮದುವೆಯ ಅಡಿಗೆಯಲ್ಲಿ ಹುಡುಕಿದರೂ ಒಂದು ಕಾಳು ಮೆಣಸು ಸಿಗಲಿಲ್ಲ.

ಇದೆಲ್ಲ ಹಳೆಯ ಮಾತು. ಈಗ ನಮ್ಮ ಮನೆಗೂ ಟಿ.ವಿ. ಬಂದಿದೆ. ಮೂಡಿಗೆರೆಯಲ್ಲಿ ಚಿತ್ರ ಕಾಣಬೇಕಾದರೆ ತೆಂಗಿನ ಮರದಷ್ಟು ಎತ್ತರದ ಕಂಬ ನೆಟ್ಟು ಆಂಟೆನಾ ಕಟ್ಟಬೇಕು. ನೆಟ್ಟೆ, ಕಟ್ಟಿದೆ. ಈ ಮಳೆಗಾಲದಲ್ಲಿ ಚಿತ್ರದ ಮೇಲೆಲ್ಲ ಅಕ್ಕಿ ಕಾಳು ಚೆಲ್ಲಿದಂತೆ ಕಾಣತೊಡಗಿತು. ಪೆಟ್ಟಿಗೆ ಬಿಚ್ಚಿದೆ, ಒಳಗಿರುವುದನ್ನೆಲ್ಲ ಹೊರಗಿಟ್ಟೆ, ಒಂದೆರಡು ಕಡೆ ಬೆಸುಗೆಯೂ ಹಾಕಿದೆ. ಕಡೆಗೊಮ್ಮೆ ಅಂಗಳಕ್ಕೆ ಹೋಗಿ ತಲೆಯೆತ್ತಿದರೆ, ಜಾವಳಿಯಿಂದ ತಂದ ಬಳ್ಳಿಯೊಂದು ಆಂಟೆನಾದ ಕಡ್ಡಿಗಳನ್ನು ಎಣಿಸುತ್ತ ಕೂತಿದೆ. ಊರಿದವರು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಹಳೆಯ ಧೈರ್ಯ ನೆನೆದು ಕತ್ತಿ ಹಿಡಿದು ಹೊರಟೆ. ಸುಶೀಲ ಬಾಗಿಲಲ್ಲಿ ನಿಂತು, “ಮುಟ್ಟಿದ್ರೆ ನೋಡಿ. ಕಾಳು ಕಟ್ತಾ ಇದೆ. ಫಸಲು ಮುಗೀಲಿ” ಎಂದಳು.

ಕತ್ತಿಯಲ್ಲಿ ಒಂದು ತೆಂಗಿನಕಾಯಿ ಸುಲಿದು ಒಳಗೆ ಬಂದೆ. ಸಂಜೆ ಪಕ್ಕದ ಮನೆಯವರು ವಾರ್ತೆ ನೋಡಲು ಬಂದು, “ಏನ್ರೀ ಇದು, ಏನೂ ಕಾಣ್ತಾ ಇಲ್ವಲ್ಲ, ಎಲ್ಲಿ ಕೆಟ್ಟಿದೆ?” ಎಂದು ಕೇಳಿದರು. ಅಡಿಗೆಮನೆಯ ಕಡೆ ಒಮ್ಮೆ ನೋಡಿದೆ.

“ನಮ್ಮ ಕಡೆ ಎಲ್ಲಾ ಸರಿ ಇದೆ” ಎಂದೆ.