ಮಾಟಗಾತಿಗೊಂದು ಗ್ಲಾಸ್ ಶರಬತ್ತು

ನಮ್ಮ ಮನ್ಯಾಗ ಒಂದು ವಾರ ನೆಟ್ಟಗ ಹೋತಂದ್ರ ಮರುವಾರ ಏನರ ಒಂದು ಆಗಲೇಬೇಕು. ಯರಗುಪ್ಪಿಯೊಳಗ ನಮ್ಮ ಓಣಿಗೆ ಮೊದಲ ಟಿವಿ ಬಂದದ್ದು ನಮ್ಮನಿಗೆ. ಆಮ್ಯಾಲಂತೂ ನೆಟ್ಟಗಿನ ವಾರ ಒಂದೂ ಬರಲಿಲ್ಲ.

ರವಿವಾರ ಮುಂಜಾನೆ ಹಿಂದಿಯೊಳಗ ಒಬ್ಬ ಮಾಟಗಾತಿ ಕಥಿ ಬರತಿತ್ತು. ನಮ್ಮನಿಯವರು ಸಾಲಿ ಮಾಸ್ತರು. ಅವರು ಕನ್ನಡದಾಗ ಹೇಳತಿದ್ರು, ಓಣಿ ಮಂದಿ ಬಾಯಿ ತಕ್ಕೊಂಡು ಕೇಳತಿತ್ತು. ಚಿತ್ರ ಚಲೋ ಕಾಣಲಿ ಅಂತ ಕಿಟಕಿ, ಬಾಗಲಾ ಎಲ್ಲಾ ಮುಚ್ಚತಿದ್ವಿ. ಹಾಡಹಗಲ ಕತ್ತಲಿ, ಆ ಕತ್ತಲ್ಯಾಗ ಆಕಿ ಬಿಳೇ ಮಾರಿ ಒಂದ. ನಾನು ಸೆರಗ ಮಾರಿಗೆ ಹಿಡದು ಸಂದ್ಯಾಗಿಂದ ನೋಡತಿದ್ದೆ.

ಆಗ ಮನ್ಯಾಗ ಇನ್ನೊಂದು ಚಿಂತಿ ಇತ್ತು, ನಾದಿನಿ ಲಗ್ನದ್ದು. ಮೂರು ಕಡೆಯವರು ನೋಡಿ, "ತಿಳಸ್ತೀವಿ" ಅಂತ ಹೋದವರು ತಿಳಸಲೇ ಇಲ್ಲ. ಪಾಪ, ಆ ಹುಡುಗಿ ಒಲಿ ಮುಂದ ಕುಂತು ಸುಮ್ಮನ ಕಣ್ಣೀರು ಹಾಕತಿದ್ಳು.

೧. ಕೌದಿ ನಕ್ಕದ್ದು

ನಮ್ಮ ಅತ್ತಿಯವರಿಗೆ ಒಂದು ಸಂಶೆ. ನಾವು ಮಾಟಗಾತಿನ್ನ ನೋಡತೀವಿ ಅಂದ್ರ ಆಕಿನೂ ನಮ್ಮನ್ನ ನೋಡತಾಳ. "ಕಾಳಿನ ಚೀಲ ಎಲ್ಲದಾವು, ಕೂಸಿನ ತೊಟ್ಟಲಾ ಎಲ್ಲೈತಿ, ಎಲ್ಲಾ ನೋಡಕೋತ ಕುಂಡ್ರತಾಳ ಹಡಬಿಟ್ಟಿ!" ಅಂತಿದ್ರು. ಕಥಿ ಮುಗಿಯೂದೊಂದ ತಡ, ಟಿವಿಗೆ ಕೌದಿ ಹೊಚ್ಚಿ ಹಗ್ಗದ್ಲೆ ಬಿಗದ ಕಟ್ಟತಿದ್ರು.

ಒಂದ ರವಿವಾರ ಕಥಿ ನಡುವ ಕರೆಂಟ್ ಹೋತು. ಮಂದಿ ಎದ್ದು ಹೋದ್ರು. ಅತ್ತಿ ಕೌದಿ ಕಟ್ಟಿದ್ರು, ಆದ್ರ ಟಿವಿ ಗುಂಡಿ ಬಂದ್ ಮಾಡೂದು ಯಾರಿಗೂ ನೆನಪಾಗಲಿಲ್ಲ. ನಾನು ರೊಟ್ಟಿ ಬಡಕೋತ ಕುಂತಿದ್ದೆ. ಮನಿಯೆಲ್ಲಾ ಗಪ್‌ಚಿಪ್. ಕರೆಂಟ್ ಬಂದದ್ದು ನಮಗ ಗೊತ್ತಿಲ್ಲ. ಕೌದಿ ಒಳಗಿಂದ ಒಂದು ಹೆಣ್ಣದನಿ ಸಾವಕಾಶ ನಗಾಕ ಹತ್ತಿತು.

ಕೈಯಾಗಿನ ರೊಟ್ಟಿ ಒಲಿಯಾಗ ಬಿತ್ತು. ಅತ್ತಿ ಕೈ ಮುಗದು ನಿಂತುಬಿಟ್ರು.

"ಹಗ್ಗ ಬಿಚ್ಚಲೇನ್ರಿ?" ಅಂದೆ.

"ಬ್ಯಾಡ ಬ್ಯಾಡ! ಇನ್ನೂ ನಗಾಕ ಹತ್ಯಾಳ, ಸಿಟ್ಟಿಗೆದ್ದಿಲ್ಲ. ಬಾಯಾರಿರಬೇಕು, ಒಂದ ಗ್ಲಾಸ ಶರಬತ್ತ ಇಡು."

ನಾನು ಆ ಮನಿಗೆ ಸೊಸಿಯಾಗಿ ಬಂದು ಆರು ವರ್ಷಾಗಿತ್ತು. ನನಗ ಬಾಯಾರೇತೇನಂತ ಒಮ್ಮೆರ ಕೇಳಿದ್ದಿಲ್ಲ ಬಿಡ್ರಿ.

೨. ಗ್ಲಾಸು ನೋಡಿದ್ದು

ಅವತ್ತಿಂದ ಪ್ರತಿ ರವಿವಾರ ಟಿವಿ ಮುಂದ ಒಂದು ಗ್ಲಾಸ್. ಬರೇ ಇಟ್ರ ನಡೀತಿದ್ದಿಲ್ಲ. ಹೋದ ವಾರದ ಕಥ್ಯಾಗ ಮಾಟಗಾತಿ ಏನ ಕುಡದಿದ್ಳೋ ಈ ವಾರ ಅದ ಬಣ್ಣದ್ದು ಇಡಬೇಕು. ಟಿವಿ ನೋಡಿದ್ರ ಕರೇ-ಬಿಳೇದು! ಬಣ್ಣ ಗೊತ್ತಾಗೂದು ಹೆಂಗ? ಬಾಜೂಮನಿ ಚಾಚಿನ ಕರದ್ವಿ. ಮೊಹರಮ್ಮಿಗೆ ಓಣಿಗೆಲ್ಲಾ ಶರಬತ್ತ ಮಾಡಾಕಿ ಆಕಿನ. ಕಥ್ಯಾಗ ಹಾವು ಬಂದ ವಾರ ಹಸರು ಅಂದ್ಳು, ಮಸಣದ ವಾರ ಮಜ್ಜಗಿ ಅಂದ್ಳು.

ರಕ್ತದ ವಾರ ಬಂತು. ಚಾಚಿ ಗುಲಾಬಿ ಶರಬತ್ತಿನಾಗ ಕಾಮಕಸ್ತೂರಿ ಬೀಜಾ ಹಾಕಿದ್ಳು. ನೆನದಂಗ ಬೀಜದ ಸುತ್ತ ಬಿಳೇ ಪೊರಿ, ನಡುವ ಕರೇ ಚುಕ್ಕಿ. ಕೆಂಪ ನೀರಿನ್ಯಾಗ ಗ್ಲಾಸ್ ತುಂಬ ಕಣ್ಣು!

ಟಪಾಲಿನ ಕಾಕಾ ಶನಿವಾರದ ಪತ್ರ ರವಿವಾರ ಟಿವಿ ನೋಡಾಕ ಬರೂಮುಂದ ತರತಿದ್ರು. ಅವತ್ತೂ ಬಂದ್ರು, ಚಾಚಿ ಅವರಿಗೂ ಒಂದು ಗ್ಲಾಸ್ ಕೊಟ್ಳು. ಒಂದ ಗುಟುಕ ಕುಡದು, ಟಿವಿ ಬೆಳಕಿಗೆ ಗ್ಲಾಸ್ ಹಿಡದು ನೋಡಿದ್ರು.

"ಅಕ್ಕಾರ, ಇದು ನನ್ನ ನೋಡಾಕ ಹತ್ತೇತ್ರಿ!"

"ಮೊದಲ ನೀವ ನೋಡಿದ್ರಲ್ಲ," ಅಂದ್ಳು ಚಾಚಿ.

ಪತ್ರ ಕೈಗೆ ತುರುಕಿ ಓಡಿದವರು ಸೈಕಲ್ ಒಯ್ಯಾಕ ಬರಲಿಲ್ಲ, ಹೆಂಡತಿನ್ನ ಕಳಿಸಿದ್ರು.

೩. ಕಡೀ ವಾರ

ಆ ಪತ್ರದಾಗ ಇದ್ದದ್ದು, ಬರೂ ರವಿವಾರ ನಾದಿನಿನ್ನ ನೋಡಾಕ ಬರತೀವಿ ಅಂತ. ಹುಡುಗನ್ನ ಆಕಿ ಕುಂದಗೋಳದಾಗ ಒಂದು ಮದುವ್ಯಾಗ ನೋಡಿದ್ಳು. "ವೈನಿ, ಇವರಾದ್ರ ಆಗಲಿ, ಇಲ್ಲಾಂದ್ರ ನನಗ ಲಗ್ನಾನ ಬ್ಯಾಡ," ಅಂದ್ಳು. ಕಥಿ ಮುಗಿಯೂದೂ ಅದ ರವಿವಾರ. ಅವತ್ತ ಚಾಚಿ ದೊಡ್ಡ ಗ್ಲಾಸಿನ್ಯಾಗ ಅದ ಕಣ್ಣಿನ ಶರಬತ್ತ ಮಾಡಿ ಟಿವಿ ಮುಂದ ಇಟ್ಳು.

ಹುಡುಗನ ದೊಡ್ಡಪ್ಪ ಬಂದ್ರು, ಗಿರಜಾ ಮೀಸಿ, ಬಿರುಸು ಮಾತು. ಮಾತು ಮುಗಿಯೂತನಕ ಕನ್ಯಾದ ಮನ್ಯಾಗ ನೀರೂ ಮುಟ್ಟೂದಿಲ್ಲ ಅಂದ್ರು. ಬಾಯಿ ಸಿಹಿ ಮಾಡಿಕೊಂಡ್ರ ಸಂಬಂಧ ಒಪ್ಪಿದಂಗ ಅಂತ! ಹುಡುಗಿನ್ನ ನೋಡಿದ್ರು, ಎರಡು ಮಾತು ಕೇಳಿದ್ರು, "ತಿಳಸ್ತೀವಿ," ಅಂದ್ರು. ಬಾಗಲದಾಗ ನಿಂತ ನಾದಿನಿ ಮಾರಿ ಸಣ್ಣದಾತು.

ಅವರು ಏಳೂದರಾಗ ಓಣಿ ಮಂದಿ ಒಳಗ ನುಗ್ಗಿ ಬಾಗಲಾ ಮುಚ್ಚಿತು. ಪಾಪ, ದೊಡ್ಡಪ್ಪಾರು ಟಿವಿ ಮುಂದನ ಸಿಕ್ಕಬಿದ್ರು. ಮಾಟಗಾತಿ ಸಾಯೂ ಹೊತ್ತು. ಕೂದಲಾ ಹರವಿಕೊಂಡು ನೆಟ್ಟಗ ನಮ್ಮ ಕಡೆನ ತೆವಳಿ ಬಂದ್ಳು. ಕತ್ತಲ್ಯಾಗ ಯಾರೋ ಗಟಗಟ ಏನೋ ಕುಡದದ್ದು ಕೇಳಿಸಿತು. ಆಕಿ ಒಮ್ಮೆ ಚೀರಿ ಬಿದ್ಳು, ಪರದೆ ಕಪ್ಪಾತು.

ಕಿಟಕಿ ತಗದ್ವಿ. ದೊಡ್ಡಪ್ಪಾರ ಕೈಯಾಗ ಆ ದೊಡ್ಡ ಗ್ಲಾಸ್, ಖಾಲಿ. ಮೀಸಿಗೆ ನಾಕೈದು ಕಣ್ಣು ಅಂಟಿದ್ವು.

"ಬಾಯಿ ಸಿಹಿ ಆತು! ಕುಂಕಮ ತರ್ರಿ!" ಅಂದ್ರು ನಮ್ಮ ಅತ್ತಿ.

"ಏ, ಇದು ಲೆಕ್ಕಕ್ಕಿಲ್ಲರಿ! ಹೆದರಿ ಬಾಯಿ ಒಣಗಿತ್ತು, ಕುಡದೆ."

ಅತ್ತಿ ಸಾವಕಾಶ ಅವರ ಎದುರಿಗೆ ಕುಂತ್ರು. "ಆತು ಬಿಡ್ರಿ. ಆದ್ರ ಈ ಗ್ಲಾಸ್ ಆಕಿಗೆ ಅಂತ ಇಟ್ಟದ್ದು. ಬೀಗರಾಗಿ ಕುಡದ್ರ ನಮ್ಮದು ಕುಡದಂಗ. ಇಲ್ಲಾಂದ್ರ ಈಗಷ್ಟ ಸತ್ತಾಕಿ ಪಾಲಿಂದು ಕುಡದ್ರಿ. ನೀವ ಹೇಳ್ರಿ, ಯಾರದು ಕುಡದ್ರಿ?"

ದೊಡ್ಡಪ್ಪಾರು ಕಪ್ಪ ಪರದೆ ನೋಡಿದ್ರು. ಅದರಾಗ ಅವರದ ಮಾರಿ ಕಾಣತಿತ್ತು, ಬಾಯಿ ಸುತ್ತ ಕೆಂಪು.

"ನಿಮ್ಮದ ಕುಡದೇನ್ರಿ ಬೀಗತೇರ, ನಿಮ್ಮದ!" ಅಂತ ಚೀರಿದ್ರು. "ಜಲ್ದಿ ಪಂಚಾಂಗ ತರಸ್ರಿ, ಇವತ್ತ ತಾರೀಖ ಹಿಡಿಯೂಣು!"