ಅಡುಗೆಮನೆ ಬಾಗಿಲಿನ ಎಡಗಡೆಯ ಮರ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಬಡಗಿಯ ಕನ್ನಡಕದ ಕಡ್ಡಿ ಮುರಿದದ್ದು.

ಅಂಗಡಿಯ ಬಾಗಿಲು ಪೂರ್ತಿ ತೆರೆಯುವ ಮೊದಲೇ ಬಂದು ಕುಳಿತ ಬಡಗಿ, "ಬೇಗ ಹಾಕ್ಕೊಡಿ ಕನ್ನಡಕದಣ್ಣ. ನಿಮ್ಮ ಹಳೇ ಬೀದೀಲೇ ಕೆಲಸ. ಆ ಮೂಲೆ ಮನೆಯೋರು ಅಡುಗೆಮನೆ ಬಾಗಿಲು ಅಗಲ ಮಾಡಿಸ್ತಿದಾರೆ. ಚೌಕಟ್ಟು ನಿನ್ನೇನೇ ಕಿತ್ತೆ. ಎಡಗಡೆ ಮರದ ಮೇಲೆ ಏನೇನೋ ಗೀಟು, ಹೆಸರು. ಇವತ್ತು ಸೌದೆಯೋನು ಬಂದು ಒಯ್ತಾನೆ" ಎಂದ.

ಕನ್ನಡಕದಣ್ಣನ ಕೈಯಲ್ಲಿದ್ದ ಸ್ಕ್ರೂ ಎಲ್ಲಿ ಹಾರಿತೋ, ಇವತ್ತಿಗೂ ಸಿಕ್ಕಿಲ್ಲ.

ಆ ಮೂಲೆ ಮನೆಯಲ್ಲೇ ಅವನು ಬೆಳೆದದ್ದು. ಪ್ರತಿ ವರ್ಷ ಶಾಲೆ ಶುರುವಾಗುವ ದಿನ ಅಮ್ಮ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಅಡುಗೆಮನೆಗೆ ಕರೆದು, ಆ ಮರಕ್ಕೆ ಬೆನ್ನು ಒತ್ತಿ, ಕಣ್ಣು ಮುಚ್ಚಿಸಿ ನಿಲ್ಲಿಸಿ, ತಲೆಯ ಮೇಲೆ ಸೌಟು ಅಡ್ಡ ಹಿಡಿದು ಅಳತೆ ನೋಡುತ್ತಿದ್ದಳು. ಗೀಟಿನ ಪಕ್ಕದಲ್ಲಿ ಹೆಸರು, ಕ್ಲಾಸು. ಅಮ್ಮ ಹೋಗಿ ನಲವತ್ತೆರಡು ವರ್ಷವಾಗಿತ್ತು. ಅವಳು ಬರೆದ ಒಂದು ಕಾಗದ, ಒಂದು ಚೀಟಿಯೂ ಮನೆಯಲ್ಲಿ ಉಳಿದಿರಲಿಲ್ಲ. ಅವಳ ಕೈಬರಹ ಅಂತ ಈ ಭೂಮಿಯ ಮೇಲೆ ಇದ್ದದ್ದು ಆ ಮರದಲ್ಲಿ ಮಾತ್ರ. ಅದೂ ಒಲೆ ಸೇರುವುದರಲ್ಲಿತ್ತು.

ಸಂಜೆಯ ರೈಲಿಗೆ ಅಕ್ಕ ಬೇರೆ ಬರುವವಳಿದ್ದಳು. ಅಮ್ಮ ಹೋದ ಮೇಲೆ ಇವನಿಗೆ ಉಣ್ಣಿಸಿ, ತಲೆ ಬಾಚಿ, ಬೈದು, ಮನುಷ್ಯನನ್ನಾಗಿ ಮಾಡಿದವಳು. ಅವಳಿಗೆ ಏನು ಕೊಡುವುದೆಂದು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದ. ಅಮ್ಮನ ಕೈಬರಹಕ್ಕಿಂತ ಬೇರೆ ಬೇಕೇ!

ಇನ್ನೊಂದು ಗುಟ್ಟೂ ಇತ್ತು. ಆ ಮರದ ಲೆಕ್ಕದಲ್ಲಿ ನಾಲ್ಕನೇ ಕ್ಲಾಸಿನ ಇವನು ಅದೇ ಮನೆಯಲ್ಲಿ ಬೆಳೆದ ಚಿಕ್ಕಪ್ಪನ ಇಬ್ಬರು ಮಕ್ಕಳಿಗಿಂತ ಎತ್ತರ. ಈಗ ಹಿಮ್ಮಡಿ ಎತ್ತಿದರೂ ಅವರ ಭುಜ ಮುಟ್ಟುವುದಿಲ್ಲ. "ಚಿಕ್ಕಂದಿನಲ್ಲಿ ನಾನೇ ಉದ್ದ ಕಣ್ರೀ, ಆಮೇಲೆ ಅದ್ಯಾಕೋ ನಿಂತ್ಬಿಡ್ತು" ಎಂದು ಹೇಳಿ ಹೇಳಿ ಅವನ ಬಾಯಿ ಬತ್ತಿತ್ತು. ಯಾರೂ ನಂಬಿರಲಿಲ್ಲ.

ಅಂಗಡಿಗೆ ಬೀಗ ಜಡಿದು ಓಡಿದ. ಸೌದೆಯವನ ಕೈಯಿಂದ ಮರವನ್ನು ಅಕ್ಷರಶಃ ಕಿತ್ತುಕೊಂಡು ಬಸ್ಸು ಹತ್ತಿದ.

"ಏನ್ರೀ ಇದು? ಮನೇನೇ ಹೊತ್ಕೊಂಡು ಬಂದಿದೀರಲ್ಲ!" ಎಂದ ಕಂಡಕ್ಟರ್.

"ಮನೆ ಅಲ್ಲ ಸಾರ್, ಬಾಗಿಲಿಂದು. ಅದೂ ಎಡಗಡೆ ಮಾತ್ರ."

ಬಸ್ಸು ತಿರುಗಿದಾಗಲೆಲ್ಲ ಏಳಡಿಯ ಮರ ವಾಲಿ ಗಂಟೆಯ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಗಂಟೆ ಬಾರಿಸಿದಾಗಲೆಲ್ಲ ಡ್ರೈವರ್ ನಿಲ್ಲಿಸುತ್ತಿದ್ದ. ಮೂರನೇ ಸಲ ಕಂಡಕ್ಟರ್ ಇಬ್ಬರನ್ನೂ, ಅಂದರೆ ಇವನನ್ನೂ ಮರವನ್ನೂ, ಕೈಮುಗಿದು ಕೆಳಗಿಳಿಸಿದ. ಮಿಕ್ಕ ಎರಡು ಮೈಲಿ ನಡಿಗೆ.

ಮನೆಯ ಕಟ್ಟಡ ತಲುಪುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಅಲ್ಲಿ ನೆರೆಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಮೆಟ್ಟಿಲ ಬುಡದಲ್ಲಿ ನಿಂತು, "ಎಡಕ್ಕೆ ತಿರುಗಿ! ಎತ್ತಿ! ನಿಲ್ಲಿ!" ಎಂದು ಹುಕುಂ ಕೊಟ್ಟರು. ಮೊದಲ ತಿರುವಿನಲ್ಲೇ ಮರ ಸಿಕ್ಕಿಕೊಂಡು, ಇಡೀ ಕಟ್ಟಡದ ಜನ ಇತ್ತಲಿಂದ ಅತ್ತ ಹೋಗದಂತಾಯಿತು. ಕೆಳಗಿನ ಮನೆಯ ಪೇಂಟರ್ ಬಂದು ಎಳೆದು, ಕೆಳಗಿನ ಪಡಸಾಲೆಯಲ್ಲಿ ಗೋಡೆಗೆ ನಿಲ್ಲಿಸಿಕೊಟ್ಟ.

"ಏನಣ್ಣ, ಇಷ್ಟು ಗಲೀಜು ಮರ?"

"ಗಲೀಜು ಅನ್ಬೇಡಪ್ಪ. ನಮ್ಮಕ್ಕನಿಗೆ ಕೊಡೋ ಉಡುಗೊರೆ ಅದು."

ಪೇಂಟರ್ ಮೇಷ್ಟ್ರ ಮುಖ ನೋಡಿದ, ಮೇಷ್ಟ್ರು ಪೇಂಟರ್ ಮುಖ ನೋಡಿದರು. ಆಗಲೇ ಇನ್ನೆರಡು ಮಾತು ಬಿಡಿಸಿ ಹೇಳಬಾರದಿತ್ತೇ ಈ ಪುಣ್ಯಾತ್ಮ? ರೈಲಿನ ಹೊತ್ತಾಗಿತ್ತು. "ಸ್ವಲ್ಪ ನೋಡ್ಕೊಳ್ಳಿ" ಎಂದು ಓಡಿದ.

"ನಾವಿದೀವಲ್ಲ!" ಎಂದರು ಇಬ್ಬರೂ.

ಅಕ್ಕನನ್ನು ಕರೆದುಕೊಂಡು ಬರುವಾಗ ದಾರಿಯುದ್ದಕ್ಕೂ, "ನಿನಗೊಂದು ತೋರಿಸ್ತೀನಿ, ಅತ್ತುಬಿಡ್ತೀಯ ನೋಡು" ಎನ್ನುತ್ತಿದ್ದ. ಪಡಸಾಲೆಗೆ ಕಾಲಿಟ್ಟವನು ತಾನೇ ಅಳುವ ಹಾಗಾದ.

ಮರ ಗಿಣಿಹಸಿರು ಬಣ್ಣಕ್ಕೆ ತಿರುಗಿ ಥಳಥಳ ಹೊಳೆಯುತ್ತಿತ್ತು.

"ನೀವು ನಮಗೆಲ್ಲ ಎಷ್ಟು ಮಾಡಿದೀರಿ ಕನ್ನಡಕದಣ್ಣ, ನಮ್ಮದೂ ಒಂದು ಸಹಾಯ ಇರ್ಲಿ ಅಂತ" ಎಂದ ಪೇಂಟರ್. "ಯಾರೋ ಕಿಡಿಗೇಡಿಗಳು ಮೈಯೆಲ್ಲ ಗೀಚಿಟ್ಟಿದ್ರು. ಮೇಷ್ಟ್ರು ಉಪ್ಪುಕಾಗದ ಹಿಡಿದು ಒಂದೂ ಬಿಡದ ಹಾಗೆ ಉಜ್ಜಿದ್ರು."

"ತೋಳು ಬಿದ್ದುಹೋಯ್ತು ಕಣ್ರೀ" ಎಂದರು ಮೇಷ್ಟ್ರು, ಹೆಮ್ಮೆಯಿಂದ.

ಇಂಥವರನ್ನು ಬೈಯುವುದಾದರೂ ಹೇಗೆ? ಕನ್ನಡಕದಣ್ಣ ಇಬ್ಬರಿಗೂ ಕೈಮುಗಿದ. ಅವರು ಒಳಗೆ ಹೋದ ಮೇಲೆ ಮೆಟ್ಟಿಲ ಮೇಲೆ ಕುಸಿದು ಕುಳಿತ. "ಅಕ್ಕ, ಅದರ ಮೇಲೆ ಅಮ್ಮನ ಅಕ್ಷರ ಇತ್ತು. ಇದ್ದದ್ದು ಅದೊಂದೇ. ನಿನಗೆ ಕೊಡೋಣ ಅಂತ..."

"ಅಮ್ಮನ ಅಕ್ಷರವಾ?" ಅಕ್ಕ ಚೀಲ ಕೆಳಗಿಟ್ಟಳು. "ಅಮ್ಮನಿಗೆ ಓದು ಬರಹ ಎಲ್ಲಿ ಬರ್ತಿತ್ತೋ ಪುಟ್ಟ?"

"ಹಾಗಾದ್ರೆ..."

"ಸೌಟು ಹಿಡೀತಿದ್ದದ್ದು ಅಮ್ಮ. ಬರೀತಿದ್ದೋಳು ನಾನು. ನೀನು ತಿರುಗಿ ನೋಡೋ ಹೊತ್ತಿಗೆ ಪೆನ್ಸಿಲ್ ಅವಳ ಕೈಗೆ ಕೊಟ್ಟಿರ್ತಿದ್ದೆ. ಚಿಕ್ಕ ಮಕ್ಕಳಿಗೆ ಗೊತ್ತಾಗಬಾರದು ಅಂತ ಅವಳಿಗೆ. ನಿನ್ನ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕ್ತಿದ್ದೋಳೂ ನಾನೇ."

ಕನ್ನಡಕದಣ್ಣ ಬೆಪ್ಪಾದ. ಕೊನೆಗೊಂದು ಆಸೆಯಿಂದ ಕೇಳಿದ: "ಹೋಗ್ಲಿ, ನಾನೇ ಎಲ್ಲರಿಗಿಂತ ಉದ್ದ ಇದ್ದದ್ದಾದ್ರೂ ನಿಜ ತಾನೆ?"

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಮೂರನೇ ಕ್ಲಾಸಲ್ಲಿ ಗಿಡ್ಡ ಅಂತ ಅತ್ತೂ ಅತ್ತೂ ಜ್ವರ ಬರಿಸ್ಕೊಂಡೆ ನೀನು. ಆಮೇಲಿಂದ ನಿನ್ನ ಗೀಟು ಮೂರು ಬೆರಳು ಮೇಲಕ್ಕೆ ಹಾಕ್ತಿದ್ದೆ."

ನಗಬೇಕೋ ಅಳಬೇಕೋ ತಿಳಿಯದೆ ಅವನು ಎರಡನ್ನೂ ಮಾಡಿದ. ಬೆಳಗಿನಿಂದ ಬೀದಿ ಬೀದಿ ಹೊತ್ತು ತಿರುಗಿದ್ದು ಇದೇ ಕೈಯ ಬರಹವನ್ನು. ಆ ಕೈ ಇಲ್ಲೇ, ಬೆಚ್ಚಗೆ, ತನ್ನ ತಲೆ ಸವರುತ್ತಿದೆ. ಇಷ್ಟು ವರ್ಷ ಒಂದು ದಿನವೂ ಆಡಿ ತೋರಿಸಲಿಲ್ಲವಲ್ಲ ಇವಳು!

"ನಿನಗೆ ನಾನೇನು ಕೊಡ್ಲಿ ಅಕ್ಕ?"

"ಒಂದು ಪೆನ್ಸಿಲ್ ಕೊಡು. ಏಳು, ಹೋಗಿ ನಿಲ್ಲು."

ಐವತ್ತು ದಾಟಿದ ಮನುಷ್ಯ ಜೇಬಿನ ಪೆನ್ಸಿಲ್ ಕೊಟ್ಟು, ಮರಕ್ಕೆ ಬೆನ್ನು ಒತ್ತಿ, ಕಣ್ಣು ಮುಚ್ಚಿ ನಿಂತ.

"ಇರೋ ಹಾಗೆ ಬರೀಲಾ, ಅವತ್ತಿನ ಹಾಗೆ ಬರೀಲಾ?"

"ಅವತ್ತಿನ ಹಾಗೇ ಬರಿ ಅಕ್ಕ."

ಅಕ್ಕ ಬರೆದಳು. ಅವನು ಈಚೆ ಬಂದಾಗ ಹಸಿ ಬಣ್ಣಕ್ಕೆ ಅಂಟಿದ್ದ ಅಂಗಿ 'ಚರ್' ಎಂದಿತು. ನೆತ್ತಿಯಿಂದ ಹಿಮ್ಮಡಿವರೆಗೆ ಗಿಣಿಹಸಿರು ಪಟ್ಟೆ. ಮರದ ಮೇಲೆ ಒಬ್ಬ ಕುಳ್ಳ ಮನುಷ್ಯನ ಅಚ್ಚು, ಅದರ ಮೇಲೆ ಮೂರು ಬೆರಳು ಜಾಗ, ಅದರ ಮೇಲೆ ಗೀಟು, ಪಕ್ಕದಲ್ಲಿ ದುಂಡಗೆ 'ಪುಟ್ಟ'.

ಸದ್ದು ಕೇಳಿ ಪೇಂಟರ್ ಬ್ರಷ್ ಹಿಡಿದು ಓಡಿಬಂದ. "ಅಯ್ಯಯ್ಯೋ! ನೀವೇನೂ ಯೋಚ್ನೆ ಮಾಡ್ಬೇಡಿ ಕನ್ನಡಕದಣ್ಣ, ಹೋಗಿ ಆರಾಮಾಗಿ ಊಟ ಮಾಡಿ. ಇನ್ನೊಂದು ಕೋಟು ಹೊಡೆದ್ಬಿಡ್ತೀನಿ, ಬೆಳಗ್ಗೆ ಹೊತ್ತಿಗೆ ಒಂದು ಗೀಟೂ ಕಾಣಲ್ಲ!"